ಮದ್ಯವ್ಯಸನಿಗಳಿಗೆ ಸಭೆಯ ದಾರಿ ತೋರಿದ ಬಿಲ್ ವಿಲ್ಸನ್

ಆಲ್ಕೋಹಾಲಿಕ್ಸ್ ಅನಾನಿಮಸ್ ಅಥವಾ ಎ.ಎ. ಎಂಬ ಹೆಸರನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಚರ್ಚ್ ಸಭಾಭವನದ ಒಂದು ಕೊಠಡಿಯಲ್ಲೋ, ಶಾಲೆಯ ತರಗತಿಯಲ್ಲೋ ವಾರಕ್ಕೊಮ್ಮೆ ಕೂಡಿ, ಕುಡಿತ ಬಿಟ್ಟ ತಮ್ಮ ಅನುಭವ ಹೇಳಿಕೊಳ್ಳುವವರ ಕೂಟ ಇದು. ಇದನ್ನು ಆರಂಭಿಸಿದವರಲ್ಲಿ ಒಬ್ಬರು ಅಮೇರಿಕದ ವಿಲಿಯಂ ವಿಲ್ಸನ್. ಎಲ್ಲರಿಗೂ ಅವರು ಬಿಲ್.

ಬಿಲ್ ಹುಟ್ಟಿದ್ದು 1895ರ ನವೆಂಬರ್ 26ರಂದು, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ. ತಂದೆ ತಾಯಿ ಬೇರೆಯಾದ ಕಾರಣ ತಾಯಿಯ ಹೆತ್ತವರ ಮನೆಯಲ್ಲಿ ಬೆಳೆದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನೆ ಸೇರಿದ ಅವರು, ಒಂದು ಔತಣಕೂಟದಲ್ಲಿ ಸಂಕೋಚ ಕಳೆಯಲು ಮದ್ಯದ ಲೋಟ ಹಿಡಿದರು. 1918ರ ಜನವರಿ 24ರಂದು ಲೋಯಿಸ್ ಅವರನ್ನು ವಿವಾಹವಾದರು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಕೈತುಂಬಾ ಸಂಪಾದಿಸಿದರು, ಅಷ್ಟೇ ಕುಡಿದರು. 1929ರಲ್ಲಿ ಪೇಟೆ ಕುಸಿದಾಗ ಹಣ ಹೋಯಿತು, ಕುಡಿತ ಮಾತ್ರ ಉಳಿಯಿತು. ಲೋಯಿಸ್ ಅಂಗಡಿಯಲ್ಲಿ ದುಡಿದು ಮನೆ ನಡೆಸಿದರು.

ಟೌನ್ಸ್ ಆಸ್ಪತ್ರೆಗೆ ಬಿಲ್ ಮತ್ತೆ ಮತ್ತೆ ದಾಖಲಾದರು. ಕುಡಿತ ಬರೀ ಕೆಟ್ಟ ಬುದ್ಧಿಯಲ್ಲ, ಅದೊಂದು ಕಾಯಿಲೆ ಎಂದು ಅಲ್ಲಿನ ಡಾ. ಸಿಲ್ಕ್‌ವರ್ತ್ ತಿಳಿಹೇಳಿದರು. 1934ರ ಕೊನೆಗೆ, ಕುಡಿತ ಬಿಟ್ಟಿದ್ದ ಹಳೆಯ ಗೆಳೆಯ ಎಬಿ ಥ್ಯಾಚರ್ ಮನೆಗೆ ಬಂದು ತನ್ನ ಕಥೆ ಹೇಳಿದ. ಅದೇ ಡಿಸೆಂಬರಿನಲ್ಲಿ ಬಿಲ್ ಕೊನೆಯ ಬಾರಿಗೆ ಆಸ್ಪತ್ರೆ ಸೇರಿದರು. ಆಮೇಲೆ ಅವರು ಕುಡಿಯಲಿಲ್ಲ.

ಮುಂದಿನ ಆರು ತಿಂಗಳು ಬಿಲ್ ಹಲವಾರು ಕುಡುಕರಿಗೆ ಉಪದೇಶ ಮಾಡಿದರು. ಯಾರೊಬ್ಬರೂ ಬಿಡಲಿಲ್ಲ. ಆದರೆ ಆ ಪ್ರಯತ್ನದಿಂದಾಗಿ ಬಿಲ್ ತಾವೇ ಕುಡಿಯದೆ ಉಳಿದಿದ್ದರು.

1935ರ ಮೇ ತಿಂಗಳಲ್ಲಿ ವ್ಯವಹಾರಕ್ಕಾಗಿ ಒಹಾಯೋ ರಾಜ್ಯದ ಆ್ಯಕ್ರನ್ ನಗರಕ್ಕೆ ಹೋದರು. ವ್ಯವಹಾರ ಕೈಕೊಟ್ಟಿತು. ಹೋಟೆಲಿನಲ್ಲಿ ಒಂಟಿಯಾಗಿದ್ದ ಅವರಿಗೆ ಬಾರ್‌ನ ಸದ್ದು ಕೇಳಿಸುತ್ತಿತ್ತು. ಅಲ್ಲಿಗೆ ಹೋಗುವ ಬದಲು ಟೆಲಿಫೋನ್ ಎತ್ತಿ ಒಬ್ಬ ಧರ್ಮಗುರುವಿಗೆ ಕರೆ ಮಾಡಿ, ತನ್ನಂತಹ ಇನ್ನೊಬ್ಬ ಕುಡುಕನನ್ನು ಹುಡುಕಿಕೊಡಿ ಎಂದು ಕೇಳಿದರು. ಕರೆಯಿಂದ ಕರೆಗೆ ಸಾಗಿ ಸಿಕ್ಕವರು ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತ್ರ ಎಂದು ಬಂದ ಡಾ. ಬಾಬ್ ಗಂಟೆಗಟ್ಟಲೆ ಕುಳಿತರು. ಬಿಲ್ ಈ ಸಲ ಉಪದೇಶ ಮಾಡಲಿಲ್ಲ, ತನ್ನ ಕಥೆ ಮಾತ್ರ ಹೇಳಿದರು. ನಡುವೆ ಒಮ್ಮೆ ಜಾರಿದ ಡಾ. ಬಾಬ್ ಕೊನೆಯದಾಗಿ ಕುಡಿದ 1935ರ ಜೂನ್ 10 ಅನ್ನೇ ಎ.ಎ. ತನ್ನ ಸ್ಥಾಪನಾ ದಿನ ಎಂದು ಆಚರಿಸುತ್ತದೆ.

1939ರಲ್ಲಿ ಹನ್ನೆರಡು ಹೆಜ್ಜೆಗಳ ಪುಸ್ತಕ ಪ್ರಕಟವಾಯಿತು. ಅದೇ ವರ್ಷ ಆ್ಯಕ್ರನ್‌ನ ಸಂತ ಥಾಮಸ್ ಆಸ್ಪತ್ರೆಯಲ್ಲಿ ಭಗಿನಿ ಇಗ್ನೇಶಿಯಾ ಅವರು ಡಾ. ಬಾಬ್ ಜೊತೆಗೂಡಿ ಮದ್ಯವ್ಯಸನಿಗಳಿಗೆ ಹಾಸಿಗೆ ಕೊಟ್ಟರು. ಜೆಸ್ವಿತ್ ಗುರು ಫಾ. ಎಡ್ ಡೌಲಿಂಗ್ 1940ರಲ್ಲಿ ಬಿಲ್ ಅವರನ್ನು ಕಂಡು, ಮುಂದೆ ಇಪ್ಪತ್ತು ವರ್ಷ ಆತ್ಮೀಯರಾಗಿದ್ದರು. ಬಿಲ್ ಕಥೋಲಿಕರಾಗಲಿಲ್ಲ. ಎ.ಎ. ಯಾವ ಧರ್ಮಕ್ಕೂ ಸೇರದೆ ಎಲ್ಲರಿಗೂ ತೆರೆದಿರಬೇಕೆಂಬುದೇ ಅವರ ನಿಲುವು. 1951ರಲ್ಲಿ ಲೋಯಿಸ್ ಕುಟುಂಬದವರಿಗಾಗಿ ಅಲ್-ಅನಾನ್ ಕೂಟ ಆರಂಭಿಸಿದರು.

ಬಿಲ್ ದೋಷವಿಲ್ಲದ ಮನುಷ್ಯರಾಗಿರಲಿಲ್ಲ. ಕುಡಿತ ಬಿಟ್ಟ ಮೇಲೂ ವರ್ಷಗಟ್ಟಲೆ ಖಿನ್ನತೆ ಕಾಡಿತು. ಸಿಗರೇಟು ಬಿಡಲಾಗದೆ ಶ್ವಾಸಕೋಶ ಹಾಳಾಯಿತು. ಆದರೂ ಯೇಲ್ ವಿಶ್ವವಿದ್ಯಾನಿಲಯದ ಗೌರವ ಪದವಿಯನ್ನು ನಿರಾಕರಿಸಿದರು. 1955ರಲ್ಲಿ ಸಂಸ್ಥೆಯ ಹೊಣೆಯನ್ನು ಸದಸ್ಯರಿಗೇ ಬಿಟ್ಟುಕೊಟ್ಟರು. 1971ರ ಜನವರಿ 24ರಂದು, ತಮ್ಮ ವಿವಾಹದ ದಿನದಂದೇ ತೀರಿಕೊಂಡರು. ಭಾರತಕ್ಕೆ ಎ.ಎ. ಬಂದದ್ದು 1957ರಲ್ಲಿ.

ಘಟ್ಟದ ಮೇಲಿನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ಊರುಗಳವರಿಗೆ ಈ ಜೀವನ ಏನು ಹೇಳುತ್ತದೆ? ಅಡಿಕೆ ತೋಟದ ಕೂಲಿ ಸಂಜೆಗೆ ಸಾರಾಯಿ ಪ್ಯಾಕೆಟ್‌ಗೆ ಹೋಗುತ್ತಿದ್ದ ಮನೆಗಳು ಅಲ್ಲಿಯೂ ಇದ್ದವು. 2007ರಲ್ಲಿ ರಾಜ್ಯ ಸರಕಾರ ಸಾರಾಯಿ ನಿಷೇಧಿಸಿತು, ಆದರೆ ಕುಡಿತ ನಿಲ್ಲಲಿಲ್ಲ. ಸಭೆಗೆ ಹೋಗಬೇಕೆಂದರೆ ಹೊನ್ನಾಳಿ, ನ್ಯಾಮತಿಯವರು ಶಿವಮೊಗ್ಗದಲ್ಲಿ, ಜಗಳೂರಿನವರು ದಾವಣಗೆರೆಯಲ್ಲಿ, ಚನ್ನಗಿರಿಯವರು ಎರಡೂ ಕಡೆ ವಿಚಾರಿಸಬಹುದು. ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳು ರಾಜ್ಯದ ಹಲವು ತಾಲೂಕುಗಳಲ್ಲಿ ನಡೆದಿವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ವ್ಯಸನಮುಕ್ತಿಯ ಸರಕಾರಿ ಸಹಾಯವಾಣಿ 14446, ಟೆಲಿ ಮನಸ್ 14416. ಎರಡಕ್ಕೂ ಶುಲ್ಕವಿಲ್ಲ.

ಸಭೆಗೆ ಮೊದಲ ಸಲ ಹೋಗುವವರು ಅಂಜಬೇಕಾಗಿಲ್ಲ. ಎ.ಎ.ಯಲ್ಲಿ ಪ್ರವೇಶ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಸುಮ್ಮನೆ ಕುಳಿತು ಕೇಳಬಹುದು. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಆದರೆ ಬಹಳ ವರ್ಷ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಅಪಸ್ಮಾರ ಬರಬಹುದು, ಪ್ರಾಣಾಪಾಯವೂ ಇದೆ. ಅಂತಹವರು ಮೊದಲು ತಾಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬೇಕು.

ಆ್ಯಕ್ರನ್‌ಗೆ ಬಿಲ್ ಹೋದಾಗ ಅಲ್ಲಿ ಎ.ಎ. ಸಭೆ ಎಂಬುದೇ ಇರಲಿಲ್ಲ. ಒಬ್ಬ ಇನ್ನೊಬ್ಬನನ್ನು ಹುಡುಕಿಕೊಂಡು ಹೋದ, ಅಲ್ಲಿ ಸಭೆಯಾಯಿತು. ನಿಮ್ಮ ಊರಿನಲ್ಲಿ ಸಭೆ ಇಲ್ಲದಿದ್ದರೂ ಕುಡಿತ ಬಿಟ್ಟ ಒಬ್ಬರಾದರೂ ಇರಬಹುದು. ಅವರ ಮನೆಯ ಬಾಗಿಲು ತಟ್ಟಿ.