ಫ್ಯಾರಡೆ ಶಾಲೆ ಬಿಟ್ಟಿದ್ದಕ್ಕೇ ವಿಜ್ಞಾನಿಯಾದನೇ? ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವ ಕತೆ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ. ಶಾಲೆ ಬಿಟ್ಟೂ ದೊಡ್ಡವರಾದವರ ಪಟ್ಟಿ ಅದು. ಮೈಕೆಲ್ ಫ್ಯಾರಡೆಯ ಹೆಸರು ಅಂಥ ಪಟ್ಟಿಗೆ ಚೆನ್ನಾಗಿ ಹೊಂದುತ್ತದೆ: ಬಡ ಕಮ್ಮಾರನ ಮಗ, ಸರಿಯಾಗಿ ಶಾಲೆಗೆ ಹೋಗಲಿಲ್ಲ, ಆದರೂ ಜಗತ್ತಿಗೆ ವಿದ್ಯುತ್ ಕೊಟ್ಟ. ಕೊನೆಯಲ್ಲಿ ಒಂದು ನೀತಿ: ಓದು ಬೇಕಿಲ್ಲ, ಛಲ ಇದ್ದರೆ ಸಾಕು.

ಇದರಲ್ಲಿ ಮೊದಲ ಎರಡು ಮಾತು ನಿಜ. ಮೂರನೆಯದು ಅರ್ಧ ನಿಜ. ವಿದ್ಯುತ್ತಿನ ಬಗ್ಗೆ ಫ್ಯಾರಡೆಗಿಂತ ಮೊದಲೂ ಜನರಿಗೆ ಗೊತ್ತಿತ್ತು. ಅಯಸ್ಕಾಂತದ ನೆರವಿನಿಂದ ಅದನ್ನು ಉತ್ಪಾದಿಸುವ ತತ್ವ ತೋರಿಸಿಕೊಟ್ಟವನು ಅವನು. ಕೊನೆಯ ನೀತಿ ಮಾತ್ರ ಪೂರ್ತಿ ತಪ್ಪು. ಏಕೆಂದು ತಿಳಿಯಲು, ಅವನು 13ರಿಂದ 21ರ ವಯಸ್ಸಿನವರೆಗೆ ಏನು ಮಾಡಿದ ಎಂದು ನೋಡಬೇಕು.

ಶಾಲೆ ಬಿಟ್ಟಿದ್ದು ಇಷ್ಟಪಟ್ಟಲ್ಲ

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗ ಲಂಡನ್ ನಗರದೊಳಗೇ ಸೇರಿಹೋಗಿರುವ ನ್ಯೂಯಿಂಗ್ಟನ್‌ನಲ್ಲಿ. ಅಪ್ಪ ಜೇಮ್ಸ್‌ಗೆ ಆರೋಗ್ಯ ಸರಿಯಿರಲಿಲ್ಲ, ದುಡಿಮೆ ಆಗಾಗ ನಿಂತುಹೋಗುತ್ತಿತ್ತು. 1801ರಲ್ಲಿ ಧಾನ್ಯದ ಬೆಲೆ ಗಗನಕ್ಕೇರಿದಾಗ ಹುಡುಗನ ಪಾಲಿಗೆ ವಾರಕ್ಕೊಂದು ಬ್ರೆಡ್ ಸಿಗುತ್ತಿತ್ತು. ಅದನ್ನೇ ವಾರವಿಡೀ ಬರುವಂತೆ ತಿನ್ನಬೇಕಿತ್ತು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ, ಅಷ್ಟೇ.

1804ರಲ್ಲಿ ಅವನು ಜಾರ್ಜ್ ರೀಬೊ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಗೆ ಕೆಲಸಕ್ಕೆ ಸೇರಿದ. ಪತ್ರಿಕೆಗಳನ್ನು ಮನೆಗೆ ಕೊಟ್ಟು, ಅವರು ಓದಿದ ಮೇಲೆ ವಾಪಸ್ ತಂದು ಮತ್ತೊಂದು ಮನೆಗೆ ಮುಟ್ಟಿಸುವ ಕೆಲಸ. ಮರುವರ್ಷ ಅದೇ ಅಂಗಡಿಯಲ್ಲಿ ಪುಸ್ತಕ ಬೈಂಡಿಂಗ್ ಕಲಿಯಲು ಏಳು ವರ್ಷದ ಕರಾರು ಆಯಿತು. ಹುಡುಗನ ನಿಯತ್ತು ನೋಡಿದ ರೀಬೊ ಕಲಿಸುವುದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಓದಿದ್ದನ್ನು ಮಾಡಿ ನೋಡುವ ಚಟ

ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನು ಫ್ಯಾರಡೆ ಬಿಡುವಿನಲ್ಲಿ ಓದತೊಡಗಿದ. ಎನ್‌ಸೈಕ್ಲೋಪೀಡಿಯ ಬ್ರಿಟಾನಿಕಾದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ದೀರ್ಘ ಲೇಖನ ಅವನ ಗಮನ ಸೆಳೆಯಿತು. ಜೇನ್ ಮಾರ್ಸೆಟ್ ಎಂಬ ಲೇಖಕಿ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಕೈಗೆ ಸಿಕ್ಕಿತು.

ಆದರೆ ಅವನು ಓದಿ ಸುಮ್ಮನಾಗಲಿಲ್ಲ. ಪುಸ್ತಕದ ಮಾತು ನಿಜವೇ ಎಂದು ತನಗೆ ಎಟುಕುವಷ್ಟು ಖರ್ಚಿನಲ್ಲಿ ಪರೀಕ್ಷಿಸಿ ನೋಡುತ್ತಿದ್ದ. 1812ರ ಬೇಸಿಗೆಯಲ್ಲಿ ಅವನು ಮಾಡಿದ ಬ್ಯಾಟರಿಯನ್ನೇ ನೋಡಿ. ಸತುವಿನ ತಗಡಿನಿಂದ ಏಳು ಬಿಲ್ಲೆ ಕತ್ತರಿಸಿದ. ಅವುಗಳ ಜೊತೆಗೆ ಏಳು ತಾಮ್ರದ ಅರ್ಧ ಪೆನ್ನಿ ನಾಣ್ಯ ಜೋಡಿಸಿದ. ಜೋಡಿಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಕಾಗದ ಇಟ್ಟ. ಸತು ಮತ್ತು ತಾಮ್ರದ ನಡುವೆ ಉಪ್ಪುನೀರು ಇದ್ದಾಗ ಸತು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ತಂತಿ ಜೋಡಿಸಿದರೆ ವಿದ್ಯುತ್ ಹರಿಯುತ್ತದೆ. ಒಂದು ಜೋಡಿಯಿಂದ ಸಿಗುವುದು ಒಂದು ವೋಲ್ಟ್‌ಗಿಂತ ಕಡಿಮೆ. ಏಳು ಜೋಡಿ ಪೇರಿಸಿದರೆ ಅವೆಲ್ಲ ಕೂಡಿಕೊಳ್ಳುತ್ತವೆ. ಈ ಪುಟ್ಟ ಪೇರಿಕೆಯಿಂದಲೇ ಅವನು ಎಪ್ಸಮ್ ಉಪ್ಪಿನ ದ್ರಾವಣವನ್ನು ವಿಭಜಿಸಿದ. ನೋಡಿದ್ದನ್ನೆಲ್ಲ ಗೆಳೆಯ ಬೆಂಜಮಿನ್ ಅಬಾಟ್‌ಗೆ ಉದ್ದುದ್ದ ಪತ್ರಗಳಲ್ಲಿ ಬರೆದ.

ಹೀಗೆ ಬರೆಯುವ ಅಭ್ಯಾಸವೂ ತಾನಾಗಿ ಬಂದದ್ದಲ್ಲ. ಐಸಾಕ್ ವಾಟ್ಸ್ ಎಂಬಾತ ಬುದ್ಧಿಯನ್ನು ಬೆಳೆಸಿಕೊಳ್ಳುವುದು ಹೇಗೆಂದು ಬರೆದ ಪುಸ್ತಕವನ್ನು ಫ್ಯಾರಡೆ ಓದಿದ್ದ. ಟಿಪ್ಪಣಿ ಮಾಡಿಕೊಳ್ಳಿ, ಉಪನ್ಯಾಸಗಳಿಗೆ ಹೋಗಿ, ಗೆಳೆಯರೊಡನೆ ಪತ್ರ ವ್ಯವಹಾರ ಇಟ್ಟುಕೊಳ್ಳಿ, ಗುಂಪಿನಲ್ಲಿ ಚರ್ಚಿಸಿ ಎಂಬ ಅದರ ಸಲಹೆಗಳನ್ನು ಅವನು ಚಾಚೂ ತಪ್ಪದೆ ಪಾಲಿಸಿದ.

ಆ ಒಂದು ಶಿಲ್ಲಿಂಗ್ ಯಾರದು?

ಇಲ್ಲಿಂದ ಮುಂದಿನ ಭಾಗ ಫಾರ್ವರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಕತೆಯ ಮುಖ್ಯ ಭಾಗ ಇದೇ.

ಲಂಡನ್ನಿನಲ್ಲಿ ಜಾನ್ ಟೇಟಂ ಎಂಬುವರು ತಮ್ಮ ಮನೆಯಲ್ಲೇ ಸಂಜೆ ಹೊತ್ತು ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದರು. ಪ್ರವೇಶ ಶುಲ್ಕ ಒಂದು ಶಿಲ್ಲಿಂಗ್. ಫ್ಯಾರಡೆಯ ಬಳಿ ಅಷ್ಟು ದುಡ್ಡಿರಲಿಲ್ಲ. 1810ರಲ್ಲಿ ಅಪ್ಪನೂ ತೀರಿಕೊಂಡ. ಅಪ್ಪನ ಕಸುಬನ್ನೇ ಹಿಡಿದಿದ್ದ ಅಣ್ಣ ರಾಬರ್ಟ್ ತನ್ನ ದುಡಿಮೆಯಿಂದ ತಮ್ಮನಿಗೆ ಆ ಶಿಲ್ಲಿಂಗ್ ಕೊಟ್ಟ. 1810 ಮತ್ತು 1811ರಲ್ಲಿ ಫ್ಯಾರಡೆ ಸುಮಾರು ಹನ್ನೆರಡು ಉಪನ್ಯಾಸ ಕೇಳಿದ.

ಟೇಟಂ ಅವರ ಸುತ್ತ ಸಿಟಿ ಫಿಲಾಸಫಿಕಲ್ ಸೊಸೈಟಿ ಎಂಬ ಕೂಟ ಇತ್ತು. ಕಲಿಯುವ ಆಸೆಯ ಸಾಮಾನ್ಯ ದುಡಿಯುವ ಯುವಕರು ಸೇರಿ, ಒಬ್ಬರಿಗೊಬ್ಬರು ಪಾಠ ಹೇಳುತ್ತಿದ್ದ ಜಾಗ. ಫ್ಯಾರಡೆಗೆ ಮೊದಲ ಬಾರಿ ತನ್ನಂಥವರು ಸಿಕ್ಕಿದ್ದು ಅಲ್ಲಿ. ಉಪನ್ಯಾಸದ ಉಪಕರಣಗಳ ಚಿತ್ರ ಬಿಡಿಸಲು ಬರುತ್ತಿರಲಿಲ್ಲ ಎಂದು ರೀಬೊ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ಕೆರಿಯೆ ಎಂಬ ಕಲಾವಿದನಿಂದ ಚಿತ್ರಕಲೆ ಕಲಿತ. ಕೇಳಿದ್ದನ್ನೆಲ್ಲ ನೀಟಾಗಿ ಬರೆದು, ಚಿತ್ರ ಸೇರಿಸಿ, ತಾನೇ ಬೈಂಡ್ ಮಾಡಿದ.

ಆ ನೋಟ್ಸ್ ನೋಡಿ ಹೆಮ್ಮೆಪಟ್ಟ ರೀಬೊ ಅಂಗಡಿಗೆ ಬರುತ್ತಿದ್ದ ಗಿರಾಕಿಗಳಿಗೆ ತೋರಿಸಿದ. ಹಾಗೆ ಅದು ಸಂಗೀತಗಾರ ವಿಲಿಯಂ ಡಾನ್ಸ್ ಕಣ್ಣಿಗೂ ಬಿತ್ತು. ಅವರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನಡೆಯುವ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಡೇವಿ ಆಗ ಇಂಗ್ಲೆಂಡಿನ ಅತಿ ಹೆಸರುವಾಸಿ ರಸಾಯನ ವಿಜ್ಞಾನಿ. 1812ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಫ್ಯಾರಡೆ ಆ ನಾಲ್ಕನ್ನೂ ಕೇಳಿ, ಮತ್ತೆ ಬರೆದು, ಮತ್ತೆ ಬೈಂಡ್ ಮಾಡಿದ.

ಮೊದಲ ಸಲ ಬಾಗಿಲು ತೆರೆಯಲಿಲ್ಲ

ವಿಜ್ಞಾನದ ಕೆಲಸ ಕೊಡಿ ಎಂದು ಅವನು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಪತ್ರ ಬರೆದ. ಉತ್ತರ ಬರಲಿಲ್ಲ. 1812ರ ಅಕ್ಟೋಬರ್‌ನಲ್ಲಿ ಕರಾರು ಮುಗಿದು ಬೇರೊಬ್ಬ ಬೈಂಡರ್ ಬಳಿ ಸೇರಿದ. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಪ್ರಯೋಗದ ಸ್ಫೋಟದಿಂದ ಡೇವಿಯ ಕಣ್ಣಿಗೆ ಪೆಟ್ಟಾಗಿತ್ತು. ಬರೆದುಕೊಡಲು ಕೆಲವು ದಿನ ಫ್ಯಾರಡೆಯನ್ನು ಕರೆಸಿಕೊಂಡರು. ಡಿಸೆಂಬರ್‌ನಲ್ಲಿ ಫ್ಯಾರಡೆ ಬೈಂಡ್ ಮಾಡಿದ ನೋಟ್ಸ್ ಜೊತೆ ಡೇವಿಗೆ ಪತ್ರ ಕಳಿಸಿದ. ಭೇಟಿ ಸಿಕ್ಕಿತು. ಆದರೆ ಡೇವಿ ಕೊಟ್ಟ ಸಲಹೆ, ಬೈಂಡಿಂಗ್ ಕೆಲಸವನ್ನೇ ನೆಚ್ಚಿಕೊಂಡಿರುವುದು ಒಳ್ಳೆಯದು ಎಂದು.

ಸ್ವಲ್ಪ ದಿನಕ್ಕೆ ಪ್ರಯೋಗಾಲಯದ ಸಹಾಯಕನೊಬ್ಬ ಜಗಳ ಮಾಡಿಕೊಂಡು ಕೆಲಸ ಕಳೆದುಕೊಂಡ. ಡೇವಿಗೆ ಈ ಹುಡುಗ ನೆನಪಾದ. 1813ರ ಮಾರ್ಚ್ 1ರಂದು ಫ್ಯಾರಡೆಯ ನೇಮಕವಾಯಿತು. ವಾರಕ್ಕೆ 25 ಶಿಲ್ಲಿಂಗ್ ಸಂಬಳ, ಕಟ್ಟಡದ ಮೇಲಂತಸ್ತಿನಲ್ಲಿ ವಾಸಕ್ಕೆ ಜಾಗ. ಅವನಿಗೆ ಆಗ 21.

ಕೆಲಸ ಖಾಲಿಯಾಗಿದ್ದು ಅದೃಷ್ಟ. ಆದರೆ ಖಾಲಿಯಾದಾಗ ನೆನಪಾಗುವಂತೆ ಇದ್ದದ್ದು ಎಂಟು ವರ್ಷದ ತಯಾರಿ.

ಮುಂದೆ ಏನಾಯಿತು?

1821ರಲ್ಲಿ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿ ತೋರಿಸಿದ. ನಿಮ್ಮ ಮನೆಯ ಫ್ಯಾನ್, ಮಿಕ್ಸಿಯ ಮೋಟಾರಿನ ಮೂಲ ತತ್ವ ಇದೇ. 1831ರ ಆಗಸ್ಟ್‌ನಲ್ಲಿ ಅದರ ಉಲ್ಟಾ ಸಾಧಿಸಿದ: ಬದಲಾಗುವ ಕಾಂತಕ್ಷೇತ್ರದಿಂದ ತಂತಿಯಲ್ಲಿ ವಿದ್ಯುತ್ ಹುಟ್ಟಿಸಿದ. ಜೋಗದ ಬಳಿಯ ಶರಾವತಿ ವಿದ್ಯುದಾಗಾರದ ಜನರೇಟರ್ ವಿದ್ಯುತ್ ಉತ್ಪಾದಿಸುವುದೂ, ಕರೆಂಟ್ ಕಂಬದ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದೂ ಈ ತತ್ವದಿಂದಲೇ.

ಶಾಲೆ ತಪ್ಪಿದ್ದರಿಂದ ನಷ್ಟ ಆಗಲಿಲ್ಲವೇ?

ಆಯಿತು. ಫ್ಯಾರಡೆಗೆ ಉನ್ನತ ಗಣಿತ ಕೊನೆವರೆಗೂ ಒಲಿಯಲಿಲ್ಲ. ಕಾಂತಶಕ್ತಿಯ ರೇಖೆಗಳನ್ನು ಮನಸ್ಸಿನಲ್ಲೇ ಕಂಡ ಅವನಿಗೆ ಅದನ್ನು ಸಮೀಕರಣದಲ್ಲಿ ಬರೆಯಲು ಆಗಲಿಲ್ಲ. ಆ ಕೆಲಸ ಮಾಡಿದ್ದು ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಭಾಷೆಯ ತಪ್ಪುಗಳನ್ನು ಫ್ಯಾರಡೆ ಗೆಳೆಯನೊಬ್ಬನಿಂದ ವರ್ಷಗಟ್ಟಲೆ ತಿದ್ದಿಸಿಕೊಂಡ. ಅಂದರೆ ಶಾಲೆಯಲ್ಲಿ ಸಿಗದಿದ್ದದ್ದನ್ನು ದೊಡ್ಡವನಾದ ಮೇಲೂ ಹುಡುಕಿಕೊಂಡು ಹೋಗಬೇಕಾಯಿತು. ಶಾಲೆ ದಂಡ ಎಂದು ಅವನ ಬದುಕು ಹೇಳುವುದಿಲ್ಲ.

ಹಾಗಾದರೆ ಮಕ್ಕಳಿಗೆ ಏನು ಹೇಳಬೇಕು?

ನಿಮ್ಮ ಮನೆಯಲ್ಲೂ ಪಠ್ಯಪುಸ್ತಕ ಮೀರಿದ ಪ್ರಶ್ನೆ ಕೇಳುವ ಮಗ ಅಥವಾ ಮಗಳು ಇರಬಹುದು. ಅವರಿಗೆ ಶಾಲೆ ಬಿಡು ಎನ್ನುವುದೂ ಬೇಡ, ಮೊದಲು ಮಾರ್ಕ್ಸ್ ತೆಗಿ ಆಮೇಲೆ ನೋಡೋಣ ಎನ್ನುವುದೂ ಬೇಡ. ಫ್ಯಾರಡೆ ಮಾಡಿದ್ದನ್ನು ಶಾಲೆಯ ಜೊತೆಜೊತೆಗೇ ಮಾಡಬಹುದು:

- ಒಂದು ವಿಷಯ ಹಿಡಿದು ಆಳವಾಗಿ ಓದಲಿ. ಊರಿನ ಸಾರ್ವಜನಿಕ ಗ್ರಂಥಾಲಯ ಇದೆ, ಫೋನಿನಲ್ಲೇ ಎನ್‌ಪಿಟಿಇಎಲ್‌ನ ಕಾಲೇಜು ಮಟ್ಟದ ಪಾಠಗಳು ಉಚಿತವಾಗಿ ಸಿಗುತ್ತವೆ.
- ಓದಿದ್ದನ್ನು, ಮಾಡಿದ್ದನ್ನು ತಾರೀಕು ಹಾಕಿ ನೋಟ್‌ಬುಕ್‌ನಲ್ಲಿ ಬರೆಯಲಿ, ಚಿತ್ರ ಬಿಡಿಸಲಿ.
- ಕಡಿಮೆ ಖರ್ಚಿನ, ಅಪಾಯವಿಲ್ಲದ ಪ್ರಯೋಗ ಮಾಡಲಿ. ಟಾರ್ಚ್ ಸೆಲ್ ಸಾಕು, ಗೋಡೆಯ ಪ್ಲಗ್ ಮುಟ್ಟುವುದು ಬೇಡ. ಸ್ಫೋಟಕ ರಾಸಾಯನಿಕದಿಂದ ಡೇವಿ ಮಾತ್ರವಲ್ಲ, ಫ್ಯಾರಡೆಯೂ ಗಾಯಗೊಂಡಿದ್ದ.
- ಜೊತೆಗೆ ಕಲಿಯುವ ಒಬ್ಬಿಬ್ಬರು ಗೆಳೆಯರನ್ನು ಹುಡುಕಿಕೊಳ್ಳಲಿ.
- ನೋಟ್‌ಬುಕ್ ಹಿಡಿದು ಶಾಲೆಯ ವಿಜ್ಞಾನ ಮೇಷ್ಟ್ರನ್ನೋ ಹತ್ತಿರದ ಡಿಗ್ರಿ ಕಾಲೇಜಿನ ಉಪನ್ಯಾಸಕರನ್ನೋ ಕಾಣಲಿ. ಒಬ್ಬರು ಉತ್ತರ ಕೊಡದಿದ್ದರೆ ಇನ್ನೊಬ್ಬರನ್ನು ಕೇಳಲಿ.

ದೊಡ್ಡವರ ಪಾಲೂ ಇದೆ. ಅಣ್ಣ ಶಿಲ್ಲಿಂಗ್ ಕೊಡದಿದ್ದರೆ, ರೀಬೊ ನೋಟ್ಸ್ ತೋರಿಸದಿದ್ದರೆ, ಡಾನ್ಸ್ ಟಿಕೆಟ್ ಕೊಡದಿದ್ದರೆ ಛಲವೊಂದೇ ಇಟ್ಟುಕೊಂಡು ಫ್ಯಾರಡೆ ಬೈಂಡಿಂಗ್ ಅಂಗಡಿಯಲ್ಲೇ ಉಳಿಯುತ್ತಿದ್ದನೇನೋ. ಫ್ಯಾರಡೆ ಇದನ್ನು ಮರೆತಂತಿಲ್ಲ. ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಮಾಲೆ ಶುರುವಾಯಿತು. ಅದರಲ್ಲಿ 19 ಸರಣಿಗಳನ್ನು ಅವನೇ ನಡೆಸಿಕೊಟ್ಟ. 1867ರ ಆಗಸ್ಟ್ 25ರಂದು ಅವನು ತೀರಿಕೊಂಡ. ಆ ಉಪನ್ಯಾಸಗಳು ಇಂದಿಗೂ ನಡೆಯುತ್ತಿವೆ.

ಮುಂದಿನ ಸಲ ಶಾಲೆ ಬಿಟ್ಟು ಗೆದ್ದವರ ಪಟ್ಟಿ ಬಂದರೆ, ಮುಂದೆ ಕಳಿಸುವ ಮುನ್ನ ಆ ಒಂದು ಶಿಲ್ಲಿಂಗ್ ನೆನಪಿರಲಿ.