ಕನ್ನಡದ ವರದಿ ಬರೆದ ಇಂಗ್ಲಿಷ್ ಮಾಸ್ತರ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ವಿ.ಕೃ. ಗೋಕಾಕರು ಒಂದೋ ಎರಡೋ ಅಂಕದ ಪ್ರಶ್ನೆ. ಕನ್ನಡಕ್ಕೆ ಐದನೇ ಜ್ಞಾನಪೀಠ ತಂದವರು ಯಾರು? ‘ವಿನಾಯಕ’ ಯಾರ ಕಾವ್ಯನಾಮ? ‘ಭಾರತ ಸಿಂಧು ರಶ್ಮಿ’ ಬರೆದವರು ಯಾರು? ಮೂರಕ್ಕೂ ಒಂದೇ ಉತ್ತರ. ವೃತ್ತ ತುಂಬಿ ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಅಂದಕೂಡಲೇ ಎದೆ ಡವಡವ ಎನ್ನುವ ನನ್ನಂಥವರು ಈ ಹೆಸರಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಕನ್ನಡವೋ ಇಂಗ್ಲಿಷೋ ಎಂದು ನಾವು ದಿನಾ ಜಗಳಾಡುತ್ತೇವಲ್ಲ, ಆ ಜಗಳದ ಎರಡೂ ದಂಡೆಯಲ್ಲಿ ನಿಂತು ಬದುಕಿದ ಮನುಷ್ಯ ಅವರು.

ಗೋಕಾಕರು ಹುಟ್ಟಿದ್ದು 1909ರ ಆಗಸ್ಟ್ 9ರಂದು, ಸವಣೂರಿನಲ್ಲಿ. ನಮ್ಮ ರಾಮದುರ್ಗದ ಹಾಗೆ ಸವಣೂರು ಕೂಡ ಆಗ ಒಂದು ಪುಟ್ಟ ಸಂಸ್ಥಾನ. ಮುಂದೆ ಧಾರವಾಡದ ಕರ್ನಾಟಕ ಕಾಲೇಜು ಸೇರಿದರು. ಅದೇ ಊರಿನಲ್ಲಿ ಬೇಂದ್ರೆ ಸಿಕ್ಕರು, ಗೆಳೆಯರ ಗುಂಪು ಸಿಕ್ಕಿತು. ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ, ಗೆಳೆಯರ ನಡುವೆ ಬರೆದದ್ದು ಕನ್ನಡ ಕವಿತೆ. ಈ ಎರಡು ದಾರಿ ಅವರ ಬದುಕಿನಲ್ಲಿ ಕೊನೆಯವರೆಗೂ ಜೊತೆಜೊತೆಗೇ ಸಾಗಿದವು.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. 1936ರಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿ, ಇಂಗ್ಲಿಷರ ನೆಲದಲ್ಲೇ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದು 1938ರಲ್ಲಿ ಮರಳಿದರು. ಅಷ್ಟು ದೂರ ಹೋಗಿಬಂದವರು ಏನು ತಂದರು ಗೊತ್ತೇ? ‘ಸಮುದ್ರ ಗೀತೆಗಳು’ ಎಂಬ ಕನ್ನಡ ಕವನ ಸಂಕಲನ, ‘ಸಮುದ್ರದಾಚೆಯಿಂದ’ ಎಂಬ ಕನ್ನಡ ಪ್ರವಾಸ ಕಥನ! ಆಮೇಲೆ ಸಾಂಗ್ಲಿ, ಗುಜರಾತಿನ ವೀಸನಗರ, ಕೊಲ್ಲಾಪುರ ಎಂದು ಮರಾಠಿ, ಗುಜರಾತಿ ಊರುಗಳ ಕಾಲೇಜುಗಳಲ್ಲಿ ದುಡಿದು ಧಾರವಾಡಕ್ಕೆ ಬಂದರು. ತಾವು ಓದಿದ ಕರ್ನಾಟಕ ಕಾಲೇಜಿಗೇ ಪ್ರಾಚಾರ್ಯರಾದರು. ಸುತ್ತ ಕನ್ನಡವಿಲ್ಲದ ಊರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡ ಬರೆದರು. ‘ಸಮರಸವೇ ಜೀವನ’ದಂಥ ದೊಡ್ಡ ಕಾದಂಬರಿ ಬರೆದರು. 1958ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಅದರ ಮರುವರ್ಷವೇ ಹೈದರಾಬಾದಿನ ಕರೆ. ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಆಗಷ್ಟೇ, ಅಂದರೆ 1958ರಲ್ಲಿ ಶುರುವಾಗಿತ್ತು. ಅದರ ನಿರ್ದೇಶಕರಾಗಿ ಗೋಕಾಕರು 1959ರಿಂದ 1966ರವರೆಗೆ ಇದ್ದರು. ಆ ಸಂಸ್ಥೆಯ ಕೆಲಸ ಶೇಕ್ಸ್‌ಪಿಯರನನ್ನು ಕಲಿಸುವುದಷ್ಟೇ ಅಲ್ಲ. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಹೇಗೆ ಕಲಿಸಬೇಕು ಎಂಬುದನ್ನು ಮಾಸ್ತರರಿಗೇ ಕಲಿಸುವುದು. ಶಬ್ದಗಳ ಉಚ್ಚಾರ, ಸುಲಭದಿಂದ ಕಠಿಣಕ್ಕೆ ಹೋಗುವ ವಾಕ್ಯಗಳ ಮಾದರಿ, ದಿನಬಳಕೆಯ ಪದಗಳು – ಹೀಗೆ ಇಂಗ್ಲಿಷನ್ನು ಈಜಿನಂತೆ, ಸೈಕಲ್ಲಿನಂತೆ ರೂಢಿಯಿಂದ ಬರುವ ಕೌಶಲ ಎಂದು ನೋಡುವ ವಿಧಾನ ಅದು. ಅದೇ ಸಂಸ್ಥೆ ಇವತ್ತು ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಗಿ ಬೆಳೆದಿದೆ. ನಮ್ಮ ರಾಜ್ಯದಲ್ಲೂ 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಸರ್ಕಾರಿ ಶಾಲೆಯ ಎಷ್ಟೋ ಶಿಕ್ಷಕರು ಇಂದಿಗೂ ಅಲ್ಲಿ ತರಬೇತಿ ಪಡೆದು ಬರುತ್ತಾರೆ.

ಇಂಥ ಇಂಗ್ಲಿಷ್ ಪಂಡಿತರಿಗೆ 1980ರಲ್ಲಿ ಕರ್ನಾಟಕ ಸರ್ಕಾರ ಬೇರೆಯದೇ ಕೆಲಸ ಒಪ್ಪಿಸಿತು. ಆಗ ನಮ್ಮ ಹೈಸ್ಕೂಲುಗಳಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು, ಕನ್ನಡ ಕಲಿಯದೆಯೇ ಪಾಸಾಗಿ ಹೋಗಬಹುದಿತ್ತು. ಅಂಕ ಸುಲಭ ಎಂದು ಆ ದಾರಿ ಹಿಡಿದವರೂ ಇದ್ದರು. ಪ್ರಥಮ ಭಾಷೆ ಯಾವುದಿರಬೇಕು ಎಂದು ಹೇಳಲು ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ಬಂತು. 1981ರ ಜನವರಿಯಲ್ಲಿ ವರದಿ ಕೊಟ್ಟರು: ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕು. ವರದಿ ಜಾರಿಯಾಗದೆ ಕುಳಿತಾಗ ಧಾರವಾಡದ ಸಾಹಿತಿಗಳು ಬೀದಿಗಿಳಿದರು. 1982ರಲ್ಲಿ ಡಾ. ರಾಜ್‌ಕುಮಾರ್ ಬಂದರು. ಮುಂದಿನದು ಎಲ್ಲರಿಗೂ ಗೊತ್ತು. ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರ ಹೆಸರು ಕನ್ನಡದ ಅತಿ ದೊಡ್ಡ ಚಳವಳಿಯ ಹೆಸರಾಯಿತು.

ಎಲ್ಲರೂ ಒಪ್ಪಿದರು ಅಂತಲ್ಲ. ಉರ್ದು, ಮರಾಠಿ, ತಮಿಳು ಮನೆಮಾತಿನವರು ತಮ್ಮ ಮಕ್ಕಳ ಗತಿಯೇನು ಎಂದು ಕೇಳಿದರು. ಗಡಿ ಜಿಲ್ಲೆಯ ನಮಗೆ ಆ ಪ್ರಶ್ನೆ ಅರ್ಥವಾಗುತ್ತದೆ. ನಮ್ಮ ಜೊತೆ ಓದಿದವರಲ್ಲಿ ಆ ಮನೆಗಳ ಮಕ್ಕಳೂ ಇದ್ದಾರೆ. ವಿಷಯ ಕೋರ್ಟಿಗೂ ಹೋಯಿತು, ಆದೇಶಗಳು ಬದಲಾದವು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ವಿಷಯಗಳಿಗೆ 100 ಅಂಕ ಎಂದು ನಾವು ಬರೆದುಬಂದೆವಲ್ಲ, ಪ್ರಥಮ ಭಾಷೆಗೆ ಆ ತೂಕ ಬಂದದ್ದರ ಹಿಂದೆ ಇಷ್ಟೆಲ್ಲ ಇತಿಹಾಸವಿದೆ.

ಈಗ ನಮ್ಮ ಮಾತಿಗೆ ಬರೋಣ. ನಮ್ಮೂರು ಸುರೇಬಾನ. ಶಬರಿಕೊಳ್ಳಕ್ಕೆ ಬರುವವರಿಗೆ ಊರಿನ ಹೆಸರು ಗೊತ್ತು. ಕೆಲಸ ಕೊಡುವವರಿಗೆ ಗೊತ್ತಿಲ್ಲ. ಡಿಗ್ರಿ ಮುಗಿಸಿ ನಗರದ ಒಂದು ಕಂಪನಿಗೆ ಸಂದರ್ಶನಕ್ಕೆ ಹೋದಾಗ, ಲೆಕ್ಕಪತ್ರದ ಪ್ರಶ್ನೆಗೆಲ್ಲ ಸರಿ ಉತ್ತರ ಗೊತ್ತಿದ್ದರೂ ಇಂಗ್ಲಿಷಿನಲ್ಲಿ ಹೇಳಲು ತಡವರಿಸಿದ್ದಕ್ಕೆ ನನ್ನನ್ನು ಐದೇ ನಿಮಿಷದಲ್ಲಿ ಹೊರಗೆ ಕಳಿಸಿದರು. ಊರಿಗೆ ಬಂದರೆ ಹಿರಿಯರದು ಒಂದೇ ಮಾತು: ಇಂಗ್ಲಿಷ್ ಮೀಡಿಯಂಗೆ ಹಾಕಬೇಕಿತ್ತು. ಈಗ ಸಾಲ ಮಾಡಿಯಾದರೂ ಮಕ್ಕಳನ್ನು ಹಳದಿ ಬಸ್ಸು ಹತ್ತಿಸುತ್ತಿದ್ದಾರೆ. ಆದರೆ ಆ ಬಸ್ಸಿನಲ್ಲಿ ಹೋಗಿಬಂದ ಎಷ್ಟೋ ತಮ್ಮಂದಿರು ವಿಜ್ಞಾನದ ಉತ್ತರವನ್ನು ಅರ್ಥವಾಗದೆ ಬಾಯಿಪಾಠ ಒಪ್ಪಿಸುತ್ತಾರೆ. ಕನ್ನಡ ಪತ್ರಿಕೆ ಓದಲು ಕೊಟ್ಟರೆ ಅಲ್ಲೂ ತಡವರಿಸುತ್ತಾರೆ. ಇತ್ತ ದಂಡೆಯೂ ಇಲ್ಲ, ಅತ್ತ ದಂಡೆಯೂ ಇಲ್ಲ.

ಗೋಕಾಕರ ಬದುಕು ನನಗೆ ಹೇಳಿಕೊಡುವುದು ಇದನ್ನೇ: ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಯುವುದು ಬೇರೆ, ಎಲ್ಲ ವಿಷಯವನ್ನೂ ಇಂಗ್ಲಿಷಿನಲ್ಲೇ ಓದುವುದು ಬೇರೆ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿ ನಾವು ಒದ್ದಾಡುತ್ತಿದ್ದೇವೆ. 2007–08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಇದೆ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಬಲವಂತ ಮಾಡುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಬಂತು. ಬೋರ್ಡು ಬದಲಾಯಿಸುವುದು ಸುಲಭ. ಹಳ್ಳಿಯ ಶಾಲೆಗೆ ಇಂಗ್ಲಿಷ್ ಮಾತನಾಡಿಸಿ ಕಲಿಸುವ ಒಬ್ಬ ಮಾಸ್ತರರನ್ನು ಕೊಡುವುದು ಕಷ್ಟ. ಹೈದರಾಬಾದಿನ ಆ ಏಳು ವರ್ಷ ಗೋಕಾಕರು ದುಡಿದದ್ದು ಆ ಕಷ್ಟದ ಕೆಲಸಕ್ಕೇ.

1992ರ ಏಪ್ರಿಲ್ 28ರಂದು ಮುಂಬೈಯಲ್ಲಿ ಗೋಕಾಕರು ತೀರಿಕೊಂಡರು. ಈ ಪುಟ ಓದುವ ನಮ್ಮಲ್ಲಿ ಬಹಳ ಮಂದಿ ಆಗ ಹುಟ್ಟಿರಲೂ ಇಲ್ಲ. ಸ್ನೇಹಿತರೇ, ಇಂಗ್ಲಿಷ್ ಬಾರದು ಎಂದು ಕನ್ನಡದ ಮೇಲೆ ಸಿಟ್ಟಾಗಬೇಡಿ. ಕನ್ನಡದ ಅಭಿಮಾನಕ್ಕಾಗಿ ಇಂಗ್ಲಿಷನ್ನು ದೂರ ಇಡಬೇಡಿ. ನಾವು ಮೂವರು ಗೆಳೆಯರು ಈಗ ದಿನಾ ಸಂಜೆ ಅರ್ಧ ಗಂಟೆ ಇಂಗ್ಲಿಷಿನಲ್ಲೇ ಮಾತಾಡುತ್ತೇವೆ. ಮೊದಲು ಕನ್ನಡ ಪತ್ರಿಕೆಯ ಒಂದು ಸುದ್ದಿ ಓದಿ ಅರ್ಥ ಮಾಡಿಕೊಳ್ಳುತ್ತೇವೆ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತೇವೆ. ಹೇಳುವ ವಿಷಯ ತಲೆಯಲ್ಲಿ ಗಟ್ಟಿ ಇದ್ದಾಗ ಪದ ಹುಡುಕುವುದು ಅಷ್ಟು ಕಷ್ಟವಾಗುವುದಿಲ್ಲ. ನಿಮ್ಮೂರಲ್ಲೂ ಇಬ್ಬರು ಸಿಕ್ಕರೆ ಸಾಕು, ಶುರು ಮಾಡಿ.