ಕಲಾಯಿಗಾರ ಜಾನ್ ಬನ್ಯನ್

ಚಿತ್ರಕಥೆಗಳೆಂದರೆ ಹೊತ್ತು ಕಳೆಯುವ ಸಾಧನವೆಂದು ಹಿರಿಯರು ಸಾಮಾನ್ಯವಾಗಿ ಭಾವಿಸುತ್ತಾರೆ. ಆದರೆ ರಾಕ್ಷಸ, ಕೋಟೆ, ಖಡ್ಗಗಳ ನಡುವೆ ಕ್ರೈಸ್ತಧರ್ಮದ ತತ್ತ್ವವನ್ನು ಎಳೆಯರಿಗೆ ತಿಳಿಸುವ ಚಿತ್ರಕಥೆಗಳೂ ಇಂಗ್ಲಿಷಿನಲ್ಲಿ ಉಂಟು. ಅಮೆರಿಕದ ಮಾರ್ವೆಲ್ ಸಂಸ್ಥೆ 1992ರಲ್ಲಿ ಅಂಥದೊಂದನ್ನು ಹೊರತಂದಿತು. ಅದಕ್ಕೆ ಮೂಲ, 1678ರಲ್ಲಿ ಅಚ್ಚಾದ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಎಂಬ ಗ್ರಂಥ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅದು ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಕ್ಕೂ ಬಂದಿತು. ಅದನ್ನು ಬರೆದವನು ಪಂಡಿತನಲ್ಲ. ಒಡೆದ ಪಾತ್ರೆಗಳನ್ನು ಸರಿಪಡಿಸಿ ಹೊಟ್ಟೆ ಹೊರೆದವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದ್ದರಿಂದ ಈತನ ಚರಿತ್ರೆ ನನ್ನನ್ನು ಬಹುವಾಗಿ ಆಕರ್ಷಿಸಿತು.

ಜಾನ್ ಬನ್ಯನ್ 1628ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಬಳಿಯ ಎಲ್‌ಸ್ಟೋ ಗ್ರಾಮದಲ್ಲಿ ಹುಟ್ಟಿದನು. ತಂದೆಯದೂ ಅದೇ ಕಸುಬು. ಓದುಬರಹದಷ್ಟೇ ವಿದ್ಯೆ ಅವನಿಗೆ ದಕ್ಕಿತು. 1644ರಲ್ಲಿ ತಾಯಿ ತೀರಿಕೊಂಡಳು. ಅದೇ ವರ್ಷ ಹದಿನಾರರ ಹುಡುಗ ಪಾರ್ಲಿಮೆಂಟಿನ ಸೈನ್ಯಕ್ಕೆ ಸೇರಿದನು. ಮುಂದೆ ಮದುವೆಯಾದಾಗ ಹೆಂಡತಿ ತವರಿನಿಂದ ತಂದದ್ದು ಎರಡು ಧರ್ಮಗ್ರಂಥಗಳು. ಅವರ ಮೊದಲ ಮಗು ಮೇರಿ ಹುಟ್ಟುಕುರುಡಿ. ಆ ಹೆಂಡತಿಯೂ ಮರಣಹೊಂದಲು, ಎಲಿಜಬೆತ್ ಎಂಬವಳನ್ನು ಮರುಮದುವೆಯಾದನು.

ಅಷ್ಟರಲ್ಲಿ ಬನ್ಯನ್ ಜನಪ್ರಿಯ ಬೋಧಕನಾಗಿದ್ದನು. 1660ರಲ್ಲಿ ಇಂಗ್ಲೆಂಡಿಗೆ ರಾಜನು ಮರಳಿದ ಮೇಲೆ, ಅಧಿಕೃತ ಚರ್ಚಿನ ಹೊರಗೆ ಸಭೆ ಸೇರಿಸಿ ಬೋಧಿಸಿದನೆಂದು ಅವನನ್ನು ಬಂಧಿಸಿದರು. ಇನ್ನು ಬೋಧಿಸುವುದಿಲ್ಲವೆಂದು ಒಂದು ಮಾತು ಕೊಟ್ಟರೆ ಬಿಡುಗಡೆ. ಅವನು ಕೊಡಲಿಲ್ಲ, 12 ವರ್ಷ ಸೆರೆಯಲ್ಲಿದ್ದನು. ಆಗ ಗರ್ಭಿಣಿಯಾಗಿದ್ದ ಎಲಿಜಬೆತ್ ಆ ಆಘಾತದಿಂದ ದಿನ ತುಂಬುವ ಮೊದಲೇ ಹೆತ್ತಳು, ಮಗು ಉಳಿಯಲಿಲ್ಲ. 1661ರಲ್ಲಿ ಅವಳು ನ್ಯಾಯಾಧೀಶರ ಮುಂದೆ ನಿಂತು ಗಂಡನಿಗಾಗಿ ಬೇಡಿದಳು, ಫಲವಾಗಲಿಲ್ಲ. ಬನ್ಯನ್ ಜೈಲಿನಲ್ಲಿ ಬೂಟಿನ ಲಾಡಿಗಳನ್ನು ಮಾಡಿ ಮಾರಿ ಮಕ್ಕಳಿಗೆ ನೆರವಾದನು.

ಓದು ಬಾರದ ನನ್ನ ತಾಯಿಗೆ ಈ ವೃತ್ತಾಂತವನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ: ಆ ಕುರುಡು ಕೂಸಿಗೆ ಉಣ್ಣಿಸಿದವರು ಯಾರು ಎಂದು. ವೀರನ ಹಟಕ್ಕೆ ಮನೆಯವರೂ ಬೆಲೆ ತೆರುತ್ತಾರೆಂಬುದನ್ನು ನಾವು ಮರೆಯಬಾರದು. ಬನ್ಯನ್ನನೂ ಮರೆತಿರಲಿಲ್ಲ, ಮೇರಿಯನ್ನು ನೆನೆದು ತಾನು ಪಟ್ಟ ಸಂಕಟವನ್ನು 1666ರ ತನ್ನ ಆತ್ಮಚರಿತ್ರೆಯಲ್ಲಿ ಅವನು ಮುಚ್ಚಿಡದೆ ಬರೆದಿದ್ದಾನೆ.

‘ಯಾತ್ರಿಕನ ಸಂಚಾರ’ದ ರಚನೆಯೂ ಸೆರೆಮನೆಯಲ್ಲಿಯೇ ಆರಂಭವಾಯಿತೆಂದು ವಿದ್ವಾಂಸರ ಅಭಿಪ್ರಾಯ. ಬೆನ್ನಿನ ಮೇಲೆ ಪಾಪದ ಹೊರೆ ಹೊತ್ತ ಕ್ರಿಶ್ಚಿಯನ್ ಎಂಬವನು ನಾಶದ ನಗರವನ್ನು ಬಿಟ್ಟು ಸ್ವರ್ಗಪುರಿಗೆ ಹೊರಡುತ್ತಾನೆ. ಕೆಸರಿನಲ್ಲಿ ಹೂತುಹೋಗುತ್ತಾನೆ, ಮೈಯೆಲ್ಲ ಮೀನಿನ ಪೊರೆ, ಡ್ರ್ಯಾಗನ್ ರೆಕ್ಕೆ, ಕರಡಿಯ ಪಾದಗಳುಳ್ಳ ಅಪೊಲ್ಯೋನನೊಡನೆ ಕಾದುತ್ತಾನೆ. ಹತಾಶೆಯೆಂಬ ದೈತ್ಯನು ಅವನನ್ನು ಸಂಶಯದ ಕೋಟೆಯಲ್ಲಿ ಕೂಡಿಹಾಕುತ್ತಾನೆ. ಆಗ ತನ್ನ ಎದೆಯಲ್ಲಿಯೇ ಇದ್ದ, ವಾಗ್ದಾನವೆಂಬ ಬೀಗದ ಕೈ ಅವನಿಗೆ ನೆನಪಾಗುತ್ತದೆ, ಬಾಗಿಲು ತೆರೆಯುತ್ತದೆ. ಇಂಥ ಕಥೆಯನ್ನು ಚಿತ್ರಗಾರರು ಬಿಡುವರೇ? ಬನ್ಯನ್ ಎಳವೆಯಲ್ಲಿ ಮೆಚ್ಚಿದ್ದ ಅಗ್ಗದ ವೀರಕಥೆಗಳ ದೈತ್ಯರೇ ಇಲ್ಲಿ ಧರ್ಮಬೋಧೆಗೆ ಒದಗಿ ಬಂದಿದ್ದಾರೆಂದು ನನಗೆ ತೋರುತ್ತದೆ.

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಕಥೆಯ ಸೆರೆಯನ್ನು ತೆರೆದದ್ದು ದೇವರು ಮನುಷ್ಯನಿಗಿತ್ತ ಮಾತು. ಬೆಡ್‌ಫರ್ಡಿನ ಸೆರೆಯನ್ನು ತೆರೆಯಬಹುದಾಗಿದ್ದುದೂ ಒಂದು ಮಾತೇ. ಅದು ಬನ್ಯನ್ ಅಧಿಕಾರಿಗಳಿಗೆ ಕೊಡಬೇಕಾಗಿದ್ದ ಮಾತು. ಒಂದನ್ನು ನಂಬಿದವನು ಇನ್ನೊಂದನ್ನು ಕೊಡಲಾರದೆ ಹೋದನು. ಅವನ ಜೀವನದ ಸಾರವೆಲ್ಲ ಇಷ್ಟೇ ಎಂದು ನಾನು ತಿಳಿದಿದ್ದೇನೆ.

1688ರಲ್ಲಿ ಮುನಿಸಿಕೊಂಡಿದ್ದ ತಂದೆಮಕ್ಕಳನ್ನು ಒಂದುಗೂಡಿಸಲು ಹೋಗಿ, ಅಲ್ಲಿಂದ ಲಂಡನ್ನಿಗೆ ಮಳೆಯಲ್ಲಿ ಕುದುರೆಯೇರಿ ಬಂದು ಜ್ವರದಿಂದ ಮಲಗಿದ ಬನ್ಯನ್, ಆಗಸ್ಟ್ 31ರಂದು ತೀರಿಕೊಂಡನು. ಅವನ ಸಮಾಧಿ ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್‌ನಲ್ಲಿದೆ. ಅವನ ಗ್ರಂಥವು 200ಕ್ಕೂ ಹೆಚ್ಚು ಭಾಷೆಗಳಲ್ಲಿ ಸಂಚರಿಸಿದೆ. ಪಂಡಿತರ ಮಾತನ್ನು ಎರವಲು ತರದೆ, ಸಂತೆಯ ಮಾತಿನಲ್ಲಿಯೇ ಅವನು ಬರೆದನು. ಮನೆಯ ಮಾತನ್ನು ಕಾಲೇಜಿನ ಬಾಗಿಲಲ್ಲಿಯೇ ಬಿಟ್ಟು ಒಳಗೆ ಬರಬೇಕೆಂದು ಅಳುಕುವ ನನ್ನಂಥವರಿಗೆ ಅದೊಂದು ದೊಡ್ಡ ಧೈರ್ಯ.